ಅಂಬಿನ ಕಣೆ: ದುರ್ಗದ ಇತಿಹಾಸದ ಒಂದು ಅಲಕ್ಷಿತ ಅಂಗ

ಚಿತ್ರದುರ್ಗದ ನಾಯಕರ ಇತಿಹಾಸವನ್ನು ಬರೆದವರು ಕೋಟೆಯ ಸುತ್ತುಗಳನ್ನೂ ಬತೇರಿಗಳನ್ನೂ ವಿಸ್ತಾರವಾಗಿ ವರ್ಣಿಸಿರುವರು. 1568ರಿಂದ 1779ರವರೆಗೆ ಆ ಸಂಸ್ಥಾನದ ಬೆನ್ನೆಲುಬಾಗಿದ್ದ ಬೇಡಪಡೆಯ ಬಿಲ್ಲಂಬುಗಳ ವಿಷಯದಲ್ಲಾದರೋ ಒಂದೆರಡು ವಾಕ್ಯಗಳಿಂದಲೇ ತೃಪ್ತರಾಗುವರು. ಕಾರಣ ಸ್ಪಷ್ಟ. ಕಲ್ಲು ನಿಲ್ಲುತ್ತದೆ, ಕಬ್ಬಿಣದ ಅಲಗು ಮಣ್ಣಿನಲ್ಲಿ ಹೇಗೋ ಉಳಿಯುತ್ತದೆ. ಕಡ್ಡಿ ಗೆದ್ದಲಿನ ಪಾಲಾಗುತ್ತದೆ. ಆದರೂ ಅಂಬಿನ ಗುರಿ ಅಲಗಿಗಿಂತ ಹೆಚ್ಚಾಗಿ ಕಡ್ಡಿಯನ್ನೇ ಅವಲಂಬಿಸಿದುದು.

ಭಾಷೆಯೇ ಇದಕ್ಕೆ ಸಾಕ್ಷಿ. ಕನ್ನಡದ 'ಕಣೆ'ಗೆ ಬಾಣವೆಂದೂ ಕೋಲೆಂದೂ ಅರ್ಥವುಂಟು. ಸಂಸ್ಕೃತದ 'ಶರ' ಜೊಂಡಿನ ಹೆಸರೂ ಹೌದು. ಕೌಟಿಲ್ಯನ ಅರ್ಥಶಾಸ್ತ್ರವೂ ವೇಣು, ಶರ, ಶಲಾಕೆ ಎಂದು ಒಡಲಿನ ದ್ರವ್ಯದಿಂದಲೇ ಬಾಣಗಳನ್ನು ಎಣಿಸುತ್ತದೆ.

ಬಿದಿರು, ಜೊಂಡುಗಳು ಹುಟ್ಟಿನಿಂದಲೇ ಬಹುಮಟ್ಟಿಗೆ ನೇರ. ಕುರುಚಲು ಕಾಡಿನ ಮರ ಹಾಗಲ್ಲ. ಕಡಿದ ಬುಡದಿಂದಲೋ ಬೆಂಕಿ ತಗುಲಿದ ಬುಡದಿಂದಲೋ ಚಿಗುರಿದ ಎಳೆಯ ಕುಡಿ ಮಾತ್ರ ಕವಲೊಡೆಯದೆ ನೀಳವಾಗಿ ಬೆಳೆಯುತ್ತದೆ. ಅದನ್ನು ಬೇಕಾದುದಕ್ಕಿಂತ ದಪ್ಪವಾಗಿಯೇ ಕೊಯ್ದು, ಕಟ್ಟು ಬಿಗಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಆರಿಸಬೇಕು. ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡದ ಮರೆಯಲ್ಲಿ ಇದು ಸುಲಭ; ಹಿರಿಯೂರಿನ ಬಯಲಿನ ಬಿಸಿಗಾಳಿಗೆ ಒಡ್ಡಿದರೆ ಹೊರಮೈ ಬೇಗನೆ ಕುಗ್ಗಿ ಕಡ್ಡಿ ಸೀಳುತ್ತದೆ. ತುದಿಗಳಿಗೆ ಮೇಣ ಬಳಿದರೆ ಸೀಳುವುದು ಕಡಿಮೆ.

ಆರಿದ ಮೇಲೂ ಡೊಂಕು ಉಳಿದೇ ಇರುತ್ತದೆ. ಕೆಂಡದ ಮೇಲೆ ಹಿಡಿದಾಗ ಮರದ ನಾರು ಮೆತ್ತಗಾಗುವುದರಿಂದ, ಡೊಂಕಿಗೆ ಎದುರಾಗಿ ಸ್ವಲ್ಪ ಹೆಚ್ಚಾಗಿಯೇ ಬಗ್ಗಿಸಿ, ತಣಿಯುವವರೆಗೆ ಹಿಡಿದಿರಬೇಕು. ಕಾವು ಮಿತಿಮೀರಿದರೆ ಕಡ್ಡಿ ಸುಟ್ಟು ಪೆಡಸಾಗುತ್ತದೆ. ಹೆದೆ ಬಿಟ್ಟ ಕ್ಷಣದಲ್ಲಿ ಕಣೆಯು ಬಳುಕಿ ಬಿಲ್ಲಿನ ಮಗ್ಗುಲನ್ನು ದಾಟಬೇಕಾದುದರಿಂದ ಬಳುಕೂ ಬಿಲ್ಲಿನ ಬಲಕ್ಕೆ ತಕ್ಕಂತಿರಬೇಕು. ಇಷ್ಟಾದರೂ ಮಳೆಗಾಲದ ತೇವಕ್ಕೆ ಡೊಂಕು ಮರಳುವುದುಂಟು. ಬತ್ತಳಿಕೆಯ ಆರೈಕೆ ವರ್ಷವಿಡೀ ನಡೆಯತಕ್ಕ ಕೆಲಸ.

ಆದಕಾರಣ ಬಿಲ್ಲಾಳುಗಳ ಬಲವನ್ನು ತಲೆಯೆಣಿಕೆಯಿಂದ ಮಾತ್ರ ಅಳೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮದ್ದುಗುಂಡುಗಳನ್ನು ಹಣ ತೆತ್ತು ತರಿಸಬಹುದು. ಹದವಾದ ಕಣೆಗೆ ಹಿಂದಿನ ವರ್ಷದ ಕಾಡು, ಬಿಡುವು, ಪಳಗಿದ ಕೈ ಮೂರೂ ಬೇಕು. 1779ರಲ್ಲಿ ದುರ್ಗವನ್ನು ಹಿಡಿದ ಹೈದರಾಲಿಯು ಸುಮಾರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಬಾಲಕರನ್ನು ಚೇಲಾ ಪಡೆಗಳಿಗೆ ಸೇರಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಹಾಗೆ ಸಾಗಿಹೋದವರಲ್ಲಿ ಬೇಡರ ಮಕ್ಕಳು ತಂದೆಯ ಪಕ್ಕದಲ್ಲಿ ಕೆಂಡದ ಮುಂದೆ ಕುಳಿತು ಕಲಿಯಬೇಕಾದ ವಯಸ್ಸಿನಲ್ಲಿ ಪರಸ್ಥಳದ ಕವಾಯತನ್ನು ಕಲಿತರು.