ಶಾಸ್ತ್ರವೂ ಖಡ್ಗವೂ: ಮಾವರ್ದಿಯ ರಾಜ್ಯವಿಚಾರ

ಇಸ್ಲಾಮೀ ರಾಜ್ಯತತ್ತ್ವವನ್ನು ಕುರಿತು ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ ಒಂದು ವಾಕ್ಯವು ತಪ್ಪದೆ ಬರುತ್ತದೆ: ಖಲೀಫನು ಧರ್ಮಕ್ಕೂ ರಾಜ್ಯಕ್ಕೂ ಏಕೈಕ ಒಡೆಯನು. ಈ ವಾಕ್ಯವು ಎರಡು ಬಗೆಯಲ್ಲಿ ದೋಷಯುಕ್ತವಾದುದು. ತತ್ತ್ವದ ದೃಷ್ಟಿಯಿಂದ ಖಲೀಫನು ಧರ್ಮಶಾಸ್ತ್ರದ ಪಾಲಕನೇ ಹೊರತು ಅದರ ಕರ್ತೃವಲ್ಲ. ಷರೀಯತ್ತಿಗೆ ಅವನೂ ಅಧೀನನು. ಇತಿಹಾಸದ ದೃಷ್ಟಿಯಿಂದ ನೋಡಿದರೆ, ಖಿಲಾಫತ್ತಿನ ಸಿದ್ಧಾಂತವನ್ನು ಅತ್ಯಂತ ಕ್ರಮಬದ್ಧವಾಗಿ ನಿರೂಪಿಸಿದ ಗ್ರಂಥವು ಹುಟ್ಟಿದ ಕಾಲಕ್ಕೆ ಖಲೀಫನ ಕೈಯಲ್ಲಿ ಹೇಳಿಕೊಳ್ಳುವಂತಹ ಸೈನ್ಯವೇ ಇರಲಿಲ್ಲ. ಅಧಿಕಾರವು ಕೈತಪ್ಪಿ ಹೋದಮೇಲೆ ಅದರ ಲಕ್ಷಣವನ್ನು ಬರೆದಿಡುವ ಅಗತ್ಯ ಏಕೆ ಉಂಟಾಯಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಆ ಗ್ರಂಥವೇ ಅಬುಲ್ ಹಸನ್ ಅಲ್-ಮಾವರ್ದಿಯ ‘ಅಲ್-ಅಹ್ಕಾಮ್ ಅಸ್-ಸುಲ್ತಾನಿಯ್ಯಾ’. ಗ್ರಂಥಕರ್ತನು ಕ್ರಿ.ಶ. 974ರಲ್ಲಿ ಬಸ್ರಾದಲ್ಲಿ ಹುಟ್ಟಿ 1058ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡನು. ‘ಮಾವರ್ದಿ’ ಎಂದರೆ ಪನ್ನೀರಿನವನು. ಅದು ಮನೆತನದ ಕಸುಬಿನಿಂದ ಬಂದ ಹೆಸರು. ಶಾಫಿ ಪಂಥದ ನ್ಯಾಯಶಾಸ್ತ್ರಜ್ಞನಾಗಿ, ಹಲವು ಊರುಗಳಲ್ಲಿ ಖಾಜಿಯಾಗಿ ಅವನು ಕೆಲಸಮಾಡಿದನು. 945ರಲ್ಲಿ ಬುವೈಹೀ ವಂಶದ ಅಮೀರರು ಬಾಗ್ದಾದನ್ನು ಪ್ರವೇಶಿಸಿದಂದಿನಿಂದ ಅಬ್ಬಾಸೀ ಖಲೀಫರು ಅವರ ಆಶ್ರಿತರಂತೆ ಬದುಕುತ್ತಿದ್ದರು. ಆ ಅಮೀರರು ಷಿಯಾ ಮತದವರು. ಖಲೀಫನು ಸುನ್ನಿಗಳ ಅಗ್ರಪುರುಷನು. ಇಂತಹ ವಿಲಕ್ಷಣ ವ್ಯವಸ್ಥೆಯಲ್ಲಿ ಖಲೀಫನಿಗೂ ಅಮೀರರಿಗೂ ನಡುವೆ ರಾಯಭಾರಿಯಾಗಿ ಓಡಾಡಿದವನು ಮಾವರ್ದಿ. ಆದುದರಿಂದ ಅವನದು ಕೇವಲ ಮಠದ ಪಾಂಡಿತ್ಯವಲ್ಲ.

ಅವನ ಸ್ವಭಾವವನ್ನು ತಿಳಿಸುವ ಒಂದು ಪ್ರಸಂಗವನ್ನು ಇತಿಹಾಸಕಾರನಾದ ಇಬ್ನ್ ಅಲ್-ಅಸೀರನು ದಾಖಲಿಸಿದ್ದಾನೆ. ಹಿಜರಿ 429ರಲ್ಲಿ (ಕ್ರಿ.ಶ. 1037-38) ಅಮೀರ ಜಲಾಲುದ್ದೌಲನು ತನಗೆ ‘ರಾಜಾಧಿರಾಜ’ನೆಂಬ ಬಿರುದು ಬೇಕೆಂದು ಕೇಳಿದನು. ಖುತ್ಬಾದಲ್ಲಿ ಆ ಬಿರುದನ್ನು ಓದಿದಾಗ ಜನರು ಪ್ರವಚನಕಾರನ ಮೇಲೆ ಇಟ್ಟಿಗೆಗಳನ್ನು ಎಸೆದರು. ಪ್ರಮುಖ ಶಾಸ್ತ್ರಜ್ಞರು ಬಿರುದಿಗೆ ಅಡ್ಡಿಯಿಲ್ಲವೆಂದು ಫತ್ವಾ ಕೊಟ್ಟರು. ಅಮೀರನಿಗೆ ಎಲ್ಲರಿಗಿಂತ ಆಪ್ತನಾಗಿದ್ದ ಮಾವರ್ದಿಯು ಮಾತ್ರ ಒಪ್ಪದೆ, ಆಸ್ಥಾನಕ್ಕೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕುಳಿತನು. ಕೆಲವು ತಿಂಗಳಾದಮೇಲೆ ಕರೆಬಂದಿತು. ಅವನು ಭಯದಿಂದಲೇ ಹೋದನು. ಆದರೆ ಅಮೀರನು ಅವನ ಸತ್ಯನಿಷ್ಠೆಯನ್ನು ಮೆಚ್ಚಿ ಗೌರವಿಸಿ ಕಳುಹಿಸಿದನು.

ಇಂತಹವನು ಬರೆದ ಗ್ರಂಥದಲ್ಲಿ ಇಪ್ಪತ್ತು ಅಧ್ಯಾಯಗಳಿವೆ. ಮೊದಲನೆಯದು ಇಮಾಮತ್ತನ್ನು, ಅಂದರೆ ಖಲೀಫನ ಪದವಿಯನ್ನು ಕುರಿತದ್ದು. ನ್ಯಾಯಬುದ್ಧಿ, ಶಾಸ್ತ್ರಜ್ಞಾನ, ಇಂದ್ರಿಯಪಟುತ್ವ, ಅಂಗಸೌಷ್ಠವ, ವಿವೇಕ, ಧೈರ್ಯ, ಕುರೈಷ್ ವಂಶದಲ್ಲಿ ಜನನ ಎಂಬ ಏಳು ಅರ್ಹತೆಗಳನ್ನೂ ಇಮಾಮನ ಹತ್ತು ಕರ್ತವ್ಯಗಳನ್ನೂ ಅಲ್ಲಿ ಕಾಣುತ್ತೇವೆ. ಇವೆಲ್ಲ ನಿರೀಕ್ಷಿತವಾದ ವಿಷಯಗಳೇ. ನಮ್ಮ ಗಮನವನ್ನು ಸೆಳೆಯುವುದು ಮುಂದಿನ ಪ್ರಶ್ನೆ: ಇಮಾಮನನ್ನು ಅವನ ಸಹಾಯಕನೊಬ್ಬನೇ ವಶದಲ್ಲಿಟ್ಟುಕೊಂಡು ತಾನೇ ಆಳತೊಡಗಿದರೆ ಇಮಾಮತ್ತು ಉಳಿಯುವುದೇ? ಉಳಿಯುವುದು, ಎನ್ನುತ್ತಾನೆ ಮಾವರ್ದಿ. ಆದರೆ ಆ ಸಹಾಯಕನ ಕಾರ್ಯಗಳು ಧರ್ಮಕ್ಕೂ ನ್ಯಾಯಕ್ಕೂ ಸಮ್ಮತವಾಗಿರಬೇಕು. ಇಲ್ಲವಾದರೆ ಇಮಾಮನು ಬೇರೊಬ್ಬನ ನೆರವಿನಿಂದ ಅವನನ್ನು ತೊಲಗಿಸಬೇಕು. ಯಾರ ಹೆಸರನ್ನೂ ಹೇಳದಿದ್ದರೂ ಬಾಗ್ದಾದಿನ ಓದುಗರಿಗೆ ಇದರ ಅರ್ಥವು ಸ್ಪಷ್ಟವಾಗಿಯೇ ಇದ್ದಿರಬೇಕು.

ಮೂರನೆಯ ಅಧ್ಯಾಯದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಪ್ರಾಂತವೊಂದನ್ನು ಬಲದಿಂದ ಆಕ್ರಮಿಸಿಕೊಂಡವನಿಗೂ ಖಲೀಫನು ಅಧಿಕಾರಪತ್ರವನ್ನು ಕೊಡಬಹುದು. ಇಮಾಮತ್ತಿನ ಗೌರವವನ್ನು ಕಾಪಾಡುವುದು, ತೆರಿಗೆಗಳನ್ನು ಶಾಸ್ತ್ರೋಕ್ತವಾಗಿ ಎತ್ತುವುದು, ದಂಡನೆಯನ್ನು ಶಾಸ್ತ್ರದಂತೆ ನಡೆಸುವುದು ಮೊದಲಾದ ನಿಬಂಧನೆಗಳಿಗೆ ಅವನು ಒಳಪಡಬೇಕು. ಸಾಮಾನ್ಯ ನೇಮಕದಲ್ಲಿ ಅಕ್ರಮವಾಗುವುದು ಇಲ್ಲಿ ಸಕ್ರಮವಾಗುವುದಕ್ಕೆ ಅವನು ಕೊಡುವ ಕಾರಣಗಳು ಎರಡು: ಸಾಧ್ಯವಿಲ್ಲದ ನಿಯಮವನ್ನು ಅವಶ್ಯಕತೆಯು ಸಡಿಲಿಸುತ್ತದೆ, ಸಾರ್ವಜನಿಕ ಹಿತಕ್ಕೆ ಹಾನಿಯ ಭಯವಿದ್ದಲ್ಲಿ ಖಾಸಗಿ ವ್ಯವಹಾರದಷ್ಟು ಕಟ್ಟುನಿಟ್ಟು ಸಲ್ಲದು.

ಈ ಎರಡು ಕಾರಣಗಳನ್ನು ಕುರಿತೇ ವಿದ್ವಾಂಸರಲ್ಲಿ ವಿವಾದವಿದೆ. 1937ರಲ್ಲಿ ಹೈದರಾಬಾದಿನ ‘ಇಸ್ಲಾಮಿಕ್ ಕಲ್ಚರ್’ ಪತ್ರಿಕೆಯಲ್ಲಿ ಎಚ್.ಎ.ಆರ್. ಗಿಬ್ ಅವರು ಬರೆದ ಲೇಖನದ ಸಾರಾಂಶವೇನೆಂದರೆ, ಖಲೀಫನ ಮಾನವನ್ನು ಉಳಿಸುವ ಆತುರದಲ್ಲಿ ಮಾವರ್ದಿಯು ಶಾಸ್ತ್ರದ ಬುಡವನ್ನೇ ಸಡಿಲಿಸಿದನು ಎಂಬುದು. ಮುಂದಿನ ಕಥೆಯು ಈ ಅಭಿಪ್ರಾಯವನ್ನು ಪುಷ್ಟೀಕರಿಸುವಂತಿದೆ. ಕೈರೋವಿನ ಮುಖ್ಯ ಖಾಜಿಯಾಗಿದ್ದು 1333ರಲ್ಲಿ ತೀರಿಕೊಂಡ ಇಬ್ನ್ ಜಮಾಆನು, ಬಲದಿಂದ ಪೀಠವನ್ನೇರಿದವನು ಅಜ್ಞಾನಿಯಾದರೂ ಅನ್ಯಾಯಿಯಾದರೂ ಅವನೇ ಇಮಾಮನೆಂದೂ, ಅವನನ್ನು ಇನ್ನೊಬ್ಬನು ಸೋಲಿಸಿದರೆ ಆ ಇನ್ನೊಬ್ಬನೇ ಇಮಾಮನೆಂದೂ ಬರೆದನು. ಮಾವರ್ದಿ ಪ್ರಾಂತಾಧಿಪತಿಗೆ ಮಾತ್ರ ತೆರೆದಿದ್ದ ಬಾಗಿಲಲ್ಲಿ ಇಮಾಮತ್ತೇ ಹೊರಟುಹೋಯಿತು.

ಆದರೂ ಗಿಬ್ ಅವರ ತೀರ್ಪನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಮಾವರ್ದಿ ಬಿಟ್ಟುಕೊಟ್ಟದ್ದು ‘ಯಾರು ಆಳಬೇಕು’ ಎಂಬ ಪ್ರಶ್ನೆಯನ್ನು. ‘ಹೇಗೆ ಆಳಬೇಕು’ ಎಂಬುದನ್ನಲ್ಲ. ಎರಡನೆಯ ಪ್ರಶ್ನೆಯು ಶಾಸ್ತ್ರಜ್ಞರ ಕೈಯಲ್ಲಿ ಜೀವಂತವಾಗಿ ಉಳಿಯಿತೆಂಬುದಕ್ಕೆ ದೆಹಲಿಯ ಒಂದು ಸಂವಾದವೇ ಸಾಕ್ಷಿ. ಅದನ್ನು ಬರೆದಿಟ್ಟವನು ಜಿಯಾವುದ್ದೀನ್ ಬರನಿ, 1357ರಲ್ಲಿ. ಅಂದರೆ ಘಟನೆ ನಡೆದು ಬಹುಕಾಲವಾದಮೇಲೆ. ಮಾತುಗಳಲ್ಲಿ ಅವನ ಸ್ವಂತ ಕೈವಾಡವು ಎಷ್ಟೋ ಇರಬಹುದು. ಹಾಗಿದ್ದರೂ ಆ ಕಾಲದ ವಿದ್ಯಾವಂತರ ಮನಸ್ಸನ್ನು ಅದು ತೋರಿಸುತ್ತದೆ.

ಅಲ್ಲಾವುದ್ದೀನ್ ಖಿಲ್ಜಿಯು 1296ರಲ್ಲಿ ದೇವಗಿರಿಯನ್ನು ಕೊಳ್ಳೆಹೊಡೆದು, ಅದೇ ವರ್ಷ ಚಿಕ್ಕಪ್ಪನೂ ಮಾವನೂ ಆಗಿದ್ದ ಸುಲ್ತಾನ ಜಲಾಲುದ್ದೀನನನ್ನು ಕೊಲ್ಲಿಸಿ ಪಟ್ಟವನ್ನೇರಿದವನು. ಬಯಾನದ ಖಾಜಿ ಮುಘೀಸನನ್ನು ಅವನು ಪ್ರಶ್ನಿಸಿದಾಗ ಆ ಕೊಲೆಯ ಮಾತನ್ನು ಯಾರೂ ಎತ್ತಲಿಲ್ಲ. ದೇವಗಿರಿಯ ಸಂಪತ್ತು ಯಾರದೆಂಬ ಮಾತು ಮಾತ್ರ ಬಂದಿತು. ತಾನು ಇನ್ನೂ ಮಲಿಕನಾಗಿದ್ದಾಗ ತಂದದ್ದು, ಆದುದರಿಂದ ತನ್ನದು ಎಂದನು ಸುಲ್ತಾನ. ಸೈನ್ಯದ ಬಲದಿಂದ ಬಂದದ್ದು ಬೈತುಲ್‌ಮಾಲಿಗೆ, ಸಾರ್ವಜನಿಕ ಬೊಕ್ಕಸಕ್ಕೆ ಸೇರತಕ್ಕದ್ದು ಎಂದನು ಖಾಜಿ. (ಉತ್ತರ ಕರ್ನಾಟಕದ ಬಹುಭಾಗವು ದೇವಗಿರಿಯ ಸೇವುಣರ ಆಳ್ವಿಕೆಯಲ್ಲಿತ್ತು, ಆ ಹಣದಲ್ಲಿ ಕನ್ನಡ ನಾಡಿನ ತೆರಿಗೆಯೂ ಸೇರಿರಬೇಕು. ಅದನ್ನು ತೆತ್ತವರ ಹಕ್ಕು ಇಬ್ಬರ ಮಾತಿನಲ್ಲಿಯೂ ಇಲ್ಲ.) ಹಾಗಾದರೆ ಬೊಕ್ಕಸದಲ್ಲಿ ತನಗೂ ತನ್ನ ಮನೆಯವರಿಗೂ ಎಷ್ಟು ಪಾಲು? ತನ್ನ ಸಾವು ಸಮೀಪಿಸಿತೆಂದುಕೊಂಡೇ ಖಾಜಿಯು ಉತ್ತರಕೊಟ್ಟನು: ಮೊದಲ ನಾಲ್ವರು ಖಲೀಫರ ಮಾರ್ಗವನ್ನು ಹಿಡಿಯುವುದಾದರೆ ಒಬ್ಬ ಸೈನಿಕನಿಗೆ ಸಲ್ಲುವ 234 ಟಂಕ, ಮಧ್ಯಮ ಮಾರ್ಗವಾದರೆ ಅಮೀರರಿಗೆ ಸಲ್ಲುವಷ್ಟು, ಲೌಕಿಕ ಪಂಡಿತರ ಮಾತನ್ನು ಕೇಳುವುದಾದರೆ ಅದಕ್ಕಿಂತ ತುಸು ಹೆಚ್ಚು.

ಸುಲ್ತಾನನು ಸಿಟ್ಟಿನಿಂದ ಎದ್ದುಹೋದನು. ಮರುದಿನ ಖಾಜಿಯು ಮನೆಯವರಿಂದ ಬೀಳ್ಕೊಂಡು ಅರಮನೆಗೆ ಬಂದನು. ಅಲ್ಲಾವುದ್ದೀನನು ತಾನು ತೊಟ್ಟಿದ್ದ ಉಡುಪನ್ನೂ ಒಂದು ಸಾವಿರ ಟಂಕಗಳನ್ನೂ ಅವನಿಗೆ ಕೊಟ್ಟು, ಶಾಸ್ತ್ರವು ಒಪ್ಪುವುದೋ ಇಲ್ಲವೋ ತಾನರಿಯೆನೆಂದೂ, ರಾಜ್ಯಕ್ಕೆ ಹಿತವೆಂದು ತೋರಿದ್ದನ್ನು ಆಜ್ಞಾಪಿಸುವೆನೆಂದೂ ತಿಳಿಸಿದನು. ದೇವಗಿರಿಯ ಹಣವು ಅವನಲ್ಲಿಯೇ ಉಳಿಯಿತು.