ಕಂಬದ ತಿರುವಿನಲ್ಲಿ ರೂಪುಗೊಂಡ ವಿಮಾನ: ರೇಡಿಯೊ ನಿಯಂತ್ರಿತ ರೇಸಿಂಗ್ ಮಾದರಿಗಳ ವಿನ್ಯಾಸ ಚರಿತ್ರೆ

ರೇಡಿಯೊ ನಿಯಂತ್ರಿತ ರೇಸಿಂಗ್ ಮಾದರಿ ವಿಮಾನದ ಚರಿತ್ರೆಯನ್ನು ಎಂಜಿನ್ನಿನ ಕಥೆಯಾಗಿ ಹೇಳುವುದು ವಾಡಿಕೆ. ಪ್ರತಿ ದಶಕದಲ್ಲೂ ಎಂಜಿನ್ ಬಲವಾಯಿತು, ವಿಮಾನ ವೇಗವಾಯಿತು ಎಂಬಲ್ಲಿಗೆ ಆ ಕಥೆ ಮುಗಿಯುತ್ತದೆ. ಆದರೆ ಈ ವಿಮಾನಗಳ ನಕ್ಷೆಗಳನ್ನು ಕಾಲಾನುಕ್ರಮದಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ರೆಕ್ಕೆಯ ಉದ್ದ, ಅದರ ದಪ್ಪ, ಕಟ್ಟಲು ಬಳಸಿದ ಸಾಮಗ್ರಿ, ಕೊನೆಗೆ ಪ್ರೊಪೆಲ್ಲರಿನ ಅಳತೆ ಕೂಡ ತೀರ್ಮಾನವಾದದ್ದು, ಪಂದ್ಯದ ಅಂಗಳದಲ್ಲಿ ನೆಟ್ಟ ಕಂಬಗಳನ್ನು ವಿಮಾನ ಸುತ್ತುವ ಆ ಒಂದೆರಡು ಸೆಕೆಂಡುಗಳಲ್ಲಿ. ಆ ತಿರುವು ಸಾಧ್ಯವಾಗಲು ರೇಡಿಯೊ ತಂತ್ರಜ್ಞಾನ ಒಂದು ಹಂತ ಮುಟ್ಟಬೇಕಿತ್ತು. ಅದಾದ ಮೇಲೆ ವಿಮಾನದ ಆಕಾರವನ್ನು ತಿದ್ದುತ್ತ ಬಂದದ್ದು ನಿಯಮಪುಸ್ತಕ. ಈ ಲೇಖನದ ವಾದ ಇಷ್ಟೇ.

ಗುಂಡಿ ಒತ್ತುವ ಕಾಲ

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊ ಅಲೆಗಳಿಂದ ನಡೆಯುವ ಪುಟ್ಟ ದೋಣಿಯನ್ನು ತೋರಿಸಿದ್ದರು. ಅದೇ ಉಪಾಯ ಮಾದರಿ ವಿಮಾನಕ್ಕೆ ಬರಲು ನಾಲ್ಕು ದಶಕ ಹಿಡಿಯಿತು. ಅಡ್ಡಿಯಾದದ್ದು ತೂಕ. ದೋಣಿ ಹೊರುವಷ್ಟು ಬ್ಯಾಟರಿಯನ್ನು ವಿಮಾನ ಹೊರಲಾರದು.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರು ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ವಿಲಿಯಂಗೆ ಹವ್ಯಾಸಿ ರೇಡಿಯೊದಲ್ಲಿ ಪರಿಣತಿ, ವಾಲ್ಟರ್‌ಗೆ ಮಾದರಿ ವಿಮಾನದಲ್ಲಿ. ಇಬ್ಬರೂ ಸೇರಿ 1937ರಲ್ಲಿ ಹಾರಿಸಿದ ‘ಗಫ್’ ಎಂಬ ವಿಮಾನ ಮರುವರ್ಷ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದಿತು. ಸುಮಾರು ಎಂಟು ಅಡಿ ರೆಕ್ಕೆಯ ಆ ವಿಮಾನ ಇಂದು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಅಷ್ಟು ದೊಡ್ಡ ರೆಕ್ಕೆ ಬೇಕಾದದ್ದು ರಿಸೀವರ್ ಮತ್ತು ಬ್ಯಾಟರಿಗಳನ್ನು ಹೊತ್ತು ನಿಧಾನವಾಗಿ ಹಾರಲು. ವೇಗ ಆಗ ಯಾರ ಗುರಿಯೂ ಆಗಿರಲಿಲ್ಲ. ವಿಮಾನ ಹಾರಿಸಿದವನ ಬಳಿಗೆ ಮರಳಿ ಬಂದರೆ ಅದೇ ಗೆಲುವು.

ಆ ಕಾಲದ ನಿಯಂತ್ರಣ ಹೇಗಿತ್ತೆಂದು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ರೇಸಿಂಗ್ ಏಕೆ ತಡವಾಯಿತೆಂಬುದು ಅಲ್ಲಿದೆ. ‘ಎಸ್ಕೇಪ್‌ಮೆಂಟ್’ ಎಂಬ ಸಣ್ಣ ಯಂತ್ರ ತಿರುಚಿಟ್ಟ ರಬ್ಬರಿನ ಬಲದಿಂದ ನಡೆಯುತ್ತಿತ್ತು. ನೆಲದ ಮೇಲಿದ್ದವನು ಗುಂಡಿ ಒತ್ತಿದರೆ ಬಾಲದ ರಡ್ಡರ್ ಪೂರ್ತಿ ಎಡಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಪೂರ್ತಿ ಬಲಕ್ಕೆ. ಅರ್ಧ ಎಡ, ಕಾಲು ಬಲ ಎಂಬುದೇ ಇರಲಿಲ್ಲ. 1950ರ ದಶಕದಲ್ಲಿ ‘ರೀಡ್’ ವ್ಯವಸ್ಥೆ ಬಂತು. ಹಾರ್ಮೋನಿಯಂನ ಪಟ್ಟಿಗಳಂತೆ ಒಂದೊಂದು ಸ್ವರಕ್ಕೆ ಮಾತ್ರ ಕಂಪಿಸುವ ಲೋಹದ ತೆಳು ಪಟ್ಟಿಗಳು ರಿಸೀವರಿನೊಳಗಿದ್ದವು. ಒಂದು ಪಟ್ಟಿ ಬಾಲದ ಎಲಿವೇಟರ್ ಮೇಲಕ್ಕೆ, ಇನ್ನೊಂದು ಕೆಳಕ್ಕೆ, ಮತ್ತೊಂದು ರೆಕ್ಕೆಯಂಚಿನ ಐಲೆರಾನ್ ಎಡಕ್ಕೆ. ಚಲನೆಗಳ ಸಂಖ್ಯೆ ಹೆಚ್ಚಿತೇ ಹೊರತು ಅವುಗಳ ಪ್ರಮಾಣ ಕೈಗೆ ಸಿಗಲಿಲ್ಲ. ನುರಿತವರು ಕೀಲಿಯನ್ನು ಪಟಪಟನೆ ತಟ್ಟಿ ಸುಮಾರಾಗಿ ಮಧ್ಯದ ಸ್ಥಿತಿ ಹಿಡಿಯುತ್ತಿದ್ದರು. ವಿಮಾನವನ್ನು ಪೂರ್ತಿ ಓರೆಗೊಳಿಸಿ, ಕಂಬದ ಸುತ್ತ ಒಂದೇ ಬಿಗಿತದಲ್ಲಿ ಎಳೆದು, ಮತ್ತೆ ನೇರಕ್ಕೆ ತರುವ ಕೆಲಸಕ್ಕೆ ಈ ತಟ್ಟಾಟ ಸಾಲದು.

ತಂತ್ರದಷ್ಟೇ ಕಾನೂನೂ ಈ ಕಥೆಯಲ್ಲಿ ಮುಖ್ಯ. ಅಮೆರಿಕದಲ್ಲಿ ಮೊದಲಿಗೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾದವರಿಗೆ ಮಾತ್ರ ಟ್ರಾನ್ಸ್‌ಮಿಟರ್ ಹಿಡಿಯುವ ಹಕ್ಕಿತ್ತು. 1950ರ ದಶಕದ ಆರಂಭದಲ್ಲಿ 27.255 ಮೆಗಾಹರ್ಟ್ಸ್ ತರಂಗವನ್ನು ಪರೀಕ್ಷೆಯಿಲ್ಲದೆ ಬಳಸಲು ಸರ್ಕಾರ ಬಿಟ್ಟುಕೊಟ್ಟಿತು. ರೇಡಿಯೊ ಪಂಡಿತರ ಕೈಯಲ್ಲಿದ್ದ ಹವ್ಯಾಸ ಆಗ ಮರ ಕೊರೆಯುವವರ, ಎಂಜಿನ್ ಬಿಚ್ಚುವವರ ಕೈಗೂ ಬಂತು. ಅದಕ್ಕೆ ಮುನ್ನ, 1947ರಲ್ಲಿ, ರೇ ಆರ್ಡನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದಿದ್ದರು. ಪ್ಲಾಟಿನಂ ತಂತಿಯ ಸುರುಳಿ ಮೆಥನಾಲ್ ಆವಿಯ ಸಂಪರ್ಕದಲ್ಲಿ ತಾನೇ ಕೆಂಪಗೆ ಕಾದಿರುತ್ತದೆ. ಹಾಗಾಗಿ ಕಿಡಿ ಹೊತ್ತಿಸುವ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ವಿಮಾನದಿಂದ ತೆಗೆದುಹಾಕಬಹುದಾಯಿತು.

ನಿಜವಾದ ತಿರುವು 1960ರ ದಶಕದ ಮೊದಲ ವರ್ಷಗಳದು. ಡಗ್ ಸ್ಪ್ರೆಂಗ್ ಮತ್ತು ಡಾನ್ ಮ್ಯಾಥರ್ಸ್ ‘ಡಿಜಿಕಾನ್’ ಎಂಬ ಪ್ರಪೋರ್ಷನಲ್ ವ್ಯವಸ್ಥೆಯನ್ನು ರೂಪಿಸಿದರು. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಎಷ್ಟು ಸರಿಸುತ್ತೇವೆಯೋ ರೆಕ್ಕೆಯ ಐಲೆರಾನ್ ಕೂಡ ಅಷ್ಟೇ ಸರಿಯುತ್ತದೆ. ಈ ಬಗೆಯ ವ್ಯವಸ್ಥೆಯಲ್ಲಿ ಒಂದರಿಂದ ಎರಡು ಮಿಲಿಸೆಕೆಂಡ್ ಅಗಲದ ಸ್ಪಂದನ, ಅದನ್ನು ಸರಿಸುವ ‘ಸರ್ವೊ’ ಎಂಬ ಸಣ್ಣ ಮೋಟಾರಿಗೆ ಆಜ್ಞೆ ಕೊಡುತ್ತದೆ. ಸರ್ವೊ ತಾನು ಎಲ್ಲಿದ್ದೇನೆಂದು ಅಳೆದುಕೊಂಡು, ಆಜ್ಞೆಗೂ ತನ್ನ ಸ್ಥಾನಕ್ಕೂ ಇರುವ ವ್ಯತ್ಯಾಸ ಹೋಗುವವರೆಗೆ ತಿರುಗುತ್ತದೆ. ಇಂಥ ರೇಡಿಯೊಗಳನ್ನು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಫಿಲ್ ಕ್ರಾಫ್ಟ್ ಸ್ವತಃ 1967ರ ಏರೋಬ್ಯಾಟಿಕ್ಸ್ ವಿಶ್ವ ಚಾಂಪಿಯನ್. ಕಂಬಗಳನ್ನು ಸುತ್ತುತ್ತ ಹಾರುವ ಪೈಲಾನ್ ರೇಸಿಂಗ್ ಎಂಬ ಈ ಕ್ರೀಡೆ ಅಮೆರಿಕದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದೂ ಅದೇ ದಶಕದಲ್ಲಿ. ಇದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ದೊಡ್ಡ ವಿಮಾನದ ನಿಯಮ, ಚಿಕ್ಕ ವಿಮಾನದ ಮೈ

ಈ ಕ್ರೀಡೆಗೆ ಆಕಾರ ಕೊಟ್ಟದ್ದು ಮನುಷ್ಯರು ಹಾರಿಸುವ ರೇಸಿಂಗ್ ವಿಮಾನಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಪಂದ್ಯಗಳನ್ನು ಸಾವಿರಾರು ಅಶ್ವಶಕ್ತಿಯ ಹಳೆಯ ಫೈಟರ್ ವಿಮಾನಗಳು ಆಕ್ರಮಿಸಿದ್ದವು. ಸಾಧಾರಣ ಜನರೂ ತಮ್ಮ ಶೆಡ್ಡಿನಲ್ಲಿ ಕಟ್ಟಿ ಸ್ಪರ್ಧಿಸಬಹುದಾದ ವರ್ಗವೊಂದನ್ನು ಗುಡ್‌ಇಯರ್ ಕಂಪನಿಯ ಬೆಂಬಲದಿಂದ 1947ರಲ್ಲಿ ಆರಂಭಿಸಲಾಯಿತು. ಎಂಜಿನ್ 190 ಘನ ಇಂಚು ಮೀರಬಾರದು, ರೆಕ್ಕೆ 66 ಚದರ ಅಡಿಗಿಂತ ಕಡಿಮೆಯಿರಬಾರದು, ಖಾಲಿ ತೂಕ 500 ಪೌಂಡಿಗಿಂತ ಇಳಿಯಬಾರದು. ಮೊದಲ ವರ್ಷ ಗೆದ್ದದ್ದು ಸ್ಟೀವ್ ವಿಟ್‌ಮನ್ ಅವರ ‘ಬಸ್ಟರ್’. ಹಾರಿಸಿದವರು ಬಿಲ್ ಬ್ರೆನಂಡ್. ವೇಗ ಗಂಟೆಗೆ ಸುಮಾರು 267 ಕಿ.ಮೀ. ‘ಶೂಸ್ಟ್ರಿಂಗ್’, ‘ರಿವೆಟ್ಸ್’, ‘ಮಿನ್ನೋ’, ‘ಲಿಟಲ್ ಟೋನಿ’ ಮುಂತಾದ ವಿಮಾನಗಳು ಈ ವರ್ಗದಿಂದ ಹುಟ್ಟಿ ಮಾದರಿ ಕಟ್ಟುವವರ ಮನಸ್ಸಿನಲ್ಲಿ ಉಳಿದವು.

ಮಾದರಿಗಳ ‘ಫಾರ್ಮುಲಾ ಒನ್’ ವರ್ಗ ಇದೇ ತರ್ಕವನ್ನು ಎತ್ತಿಕೊಂಡಿತು. ಗುಡ್‌ಇಯರ್ ವಿಮಾನಗಳ ಹೋಲಿಕೆಯಿರುವ ಮೈ, 0.40 ಘನ ಇಂಚಿನ ಎಂಜಿನ್, ಕನಿಷ್ಠ 450 ಚದರ ಇಂಚಿನ ರೆಕ್ಕೆ, ಕನಿಷ್ಠ ಐದು ಪೌಂಡ್ ತೂಕ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ಎಫ್3ಡಿ ವರ್ಗದ ಅಂಕಿಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಎಂಜಿನ್ 6.6 ಸಿ.ಸಿ., ಅಂದರೆ 0.40 ಘನ ಇಂಚು. ಕನಿಷ್ಠ ತೂಕ 2,250 ಗ್ರಾಂ, ಅಂದರೆ ಹೆಚ್ಚುಕಡಿಮೆ ಐದು ಪೌಂಡ್. ಮೈಯ ಕನಿಷ್ಠ ಎತ್ತರ 175 ಮಿ.ಮೀ., ಅಂದರೆ ಏಳು ಇಂಚಿಗೆ ಸ್ವಲ್ಪ ಕಡಿಮೆ. ಹತ್ತು ಸುತ್ತಿನ ಒಟ್ಟು ದೂರ ನಾಲ್ಕು ಕಿ.ಮೀ., ಅಂದರೆ ಎರಡೂವರೆ ಮೈಲಿ. ಮೆಟ್ರಿಕ್ ಉಡುಪು ತೊಟ್ಟಿದ್ದರೂ ಈ ನಿಯಮದ ಮೂಳೆಗಳು ಅಮೆರಿಕದ ಫಾರ್ಮುಲಾ ಒನ್‌ನವು. ವರ್ಗಗಳ ವಂಶಾವಳಿ ಗುರುತಿಸಲು ಇಷ್ಟು ಒಳ್ಳೆಯ ಆಂತರಿಕ ಸಾಕ್ಷ್ಯ ಅಪರೂಪ.

ಎಫ್3ಡಿಯ ಅಂಗಳ ಉದ್ದನೆಯ ತ್ರಿಕೋನ. ಒಂದು ತುದಿಯಲ್ಲಿ ಒಂಟಿ ಕಂಬ, ಅಲ್ಲಿಂದ 180 ಮೀಟರ್ ಆಚೆ 40 ಮೀಟರ್ ಅಂತರದಲ್ಲಿ ಎರಡು ಕಂಬ. ಒಂದು ಸುತ್ತು 400 ಮೀಟರ್. ಹಲವು ವಿಮಾನಗಳು ಒಟ್ಟಿಗೆ ಹಾರುತ್ತವೆ. ಕಂಬವನ್ನು ಸುತ್ತದೆ ಒಮ್ಮೆ ಅದರ ಒಳಗಿನಿಂದ ಹಾದರೆ ಸಮಯಕ್ಕೆ ಹತ್ತನೇ ಒಂದು ಭಾಗ ಸೇರುತ್ತದೆ, ಎರಡನೇ ಬಾರಿಗೆ ಆ ಹಾರಾಟದ ಆಸೆಯೇ ಹೋಯಿತು. ದೂರದ ಕಂಬವನ್ನು ವಿಮಾನ ದಾಟಿತೋ ಇಲ್ಲವೋ ಹಾರಿಸುವವನ ಕಣ್ಣಿಗೆ ತಿಳಿಯದು. ಅದಕ್ಕಾಗಿ ಪಕ್ಕದಲ್ಲಿ ಒಬ್ಬ ಸಹಾಯಕ ನಿಂತು ತಿರುಗುವ ಕ್ಷಣವನ್ನು ಕೂಗಿ ಹೇಳುತ್ತಾನೆ. ಪೈಲಟ್ ವಿಮಾನದಿಂದ ಕಣ್ಣು ತೆಗೆಯುವಂತಿಲ್ಲ. ಇಬ್ಬರ ನಡುವಿನ ಈ ನಂಬಿಕೆ ವಿನ್ಯಾಸದಷ್ಟೇ ದೊಡ್ಡ ವಿಷಯ ಎಂದು ಈ ಕ್ರೀಡೆಯನ್ನು ಬಲ್ಲವರು ಒಪ್ಪುತ್ತಾರೆ.

ತಿರುವಿನ ಲೆಕ್ಕ

ಉತ್ತಮ ಎಫ್3ಡಿ ವಿಮಾನ ನಾಲ್ಕು ಕಿ.ಮೀ. ದೂರವನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ತಿರುವುಗಳೂ ಸೇರಿದಂತೆ ಸರಾಸರಿ ವೇಗ ಗಂಟೆಗೆ 240 ಕಿ.ಮೀ.ಗಿಂತ ಹೆಚ್ಚು. 1947ರ ‘ಬಸ್ಟರ್’ನ ವೇಗಕ್ಕೆ ಇದು ತೀರ ಹತ್ತಿರ. ಈಗ ಒಂದು ಲೆಕ್ಕ ಮಾಡೋಣ. ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಬಂದ ವಿಮಾನ 25 ಮೀಟರ್ ತ್ರಿಜ್ಯದಲ್ಲಿ ತಿರುಗಿತೆನ್ನಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ 256, ಅಂದರೆ ಗುರುತ್ವದ 26 ಪಟ್ಟು. ಎರಡೂಕಾಲು ಕೆ.ಜಿ. ವಿಮಾನದ ರೆಕ್ಕೆ ಆ ಕ್ಷಣದಲ್ಲಿ 58 ಕೆ.ಜಿ.ಗೂ ಮಿಕ್ಕಿದ ಭಾರ ಹೊರುತ್ತದೆ.

ರೆಕ್ಕೆ ಮುರಿಯುವುದು ಈ ಸಮಸ್ಯೆಯ ಒಂದು ಮುಖ ಮಾತ್ರ. ರೆಕ್ಕೆ ಎತ್ತುವ ಬಲ ಹೆಚ್ಚಿದಂತೆ ಅದರಿಂದಲೇ ಹುಟ್ಟುವ ಎಳೆತ ಆ ಬಲದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 26 ಪಟ್ಟು ಬಲವೆಂದರೆ, ಅದೇ ವೇಗದಲ್ಲಿ, 676 ಪಟ್ಟು ಎಳೆತ. ನೇರ ಹಾರಾಟದಲ್ಲಿ ಲೆಕ್ಕಕ್ಕೇ ಬಾರದ ಈ ಎಳೆತ ತಿರುವಿನಲ್ಲಿ ವಿಮಾನದ ವೇಗವನ್ನೇ ನುಂಗುತ್ತದೆ. ಕಡಿಮೆ ಮಾಡಲು ದಾರಿ ರೆಕ್ಕೆಯನ್ನು ಉದ್ದವಾಗಿಸುವುದು. ಆದರೆ ನಿಯಮ ಒಟ್ಟು ವಿಸ್ತೀರ್ಣಕ್ಕೆ ಕನಿಷ್ಠ ಮಿತಿ ಹಾಕಿದೆ, ಮಿತಿಗಿಂತ ದೊಡ್ಡ ರೆಕ್ಕೆ ಯಾರಿಗೂ ಬೇಡ. ಹಾಗಾಗಿ ಉದ್ದ ಹೆಚ್ಚಿದಂತೆ ಅಗಲ ಕಿರಿದಾಗುತ್ತದೆ, ಅಗಲದ ಜೊತೆ ದಪ್ಪವೂ. ತೆಳ್ಳಗಿನ ಉದ್ದ ರೆಕ್ಕೆ ತಿರುಚಿಕೊಳ್ಳುತ್ತದೆ. ತಿರುಚುವ ರೆಕ್ಕೆಯಲ್ಲಿ ‘ಫ್ಲಟರ್’ ಎಂಬ ಕಂಪನ ಹತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಿಮಾನ ಚೂರುಚೂರು.

ಸಾಮಗ್ರಿಗಳ ಬದಲಾವಣೆಯನ್ನು ಈ ಸರಪಳಿಯೊಳಗಿಟ್ಟೇ ಓದಬೇಕು. ಆರಂಭದ ರೇಸಿಂಗ್ ಮಾದರಿಗಳು ಬಾಲ್ಸಾ ಮರದವು. ಆಮೇಲೆ ಕಾದ ತಂತಿಯಿಂದ ಕತ್ತರಿಸಿದ ಫೋಮ್ ತಿರುಳಿಗೆ ತೆಳು ಮರದ ಹಾಳೆ ಅಂಟಿಸಿದ ರೆಕ್ಕೆ, ಫೈಬರ್‌ಗ್ಲಾಸ್ ಮೈ ಬಂದವು. ಕೊನೆಗೆ ಅಚ್ಚಿನಲ್ಲಿ ರೂಪುಗೊಂಡ ಟೊಳ್ಳು ಕಾರ್ಬನ್ ನಾರಿನ ರೆಕ್ಕೆ. ತೂಕ ಇಳಿಸಲು ಕಾರ್ಬನ್ ಬಂತೆಂದು ಹೇಳುವುದುಂಟು. ಕನಿಷ್ಠ ತೂಕ ನಿಯಮದಲ್ಲೇ ನಿಗದಿಯಾಗಿರುವಾಗ ಆ ವಿವರಣೆ ನಿಲ್ಲುವುದಿಲ್ಲ. ತಿರುಚಿಕೊಳ್ಳದ ಬಿಗಿತಕ್ಕಾಗಿಯೇ ಅದು ಬೇಕಾಯಿತು. ಅದೇ ಕಾರಣಕ್ಕೆ ಸರ್ವೊದಿಂದ ಐಲೆರಾನ್‌ಗೆ ಹೋಗುವ ಕಡ್ಡಿಯಲ್ಲಿ ಕೂದಲೆಳೆಯಷ್ಟು ಸಡಿಲವನ್ನೂ ಕಟ್ಟುವವರು ಬಿಡುವುದಿಲ್ಲ.

ಎಂಜಿನ್ನೂ ತಿರುವಿನ ಹಿಡಿತದಲ್ಲೇ ಇದೆ. ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ 1920ರ ದಶಕದಲ್ಲಿ ಟೂ-ಸ್ಟ್ರೋಕ್ ಎಂಜಿನ್ನಿಗೆ ರೂಪಿಸಿದ ದ್ವಾರಗಳ ಜೋಡಣೆ, ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡನ್ ಮೋಟಾರ್‌ಸೈಕಲ್ಲಿಗಾಗಿ ಬೆಳೆಸಿದ ಶ್ರುತಿಗೊಳಿಸಿದ ಹೊಗೆಕೊಳವೆ, ಎರಡೂ ಮಾದರಿ ಎಂಜಿನ್ನಿಗೆ ಇಳಿದವು. ಅಮೆರಿಕದ ಬಿಲ್ ವಿಸ್ನೀವ್‌ಸ್ಕಿ 1960ರ ದಶಕದಲ್ಲಿ ತಂತಿ ಹಿಡಿದು ಸುತ್ತಿಸುವ ವೇಗದ ಮಾದರಿಗಳಲ್ಲಿ ಈ ಕೊಳವೆಯನ್ನು ಬಳಸಿ ತೋರಿಸಿದರು. ಕೊಳವೆಯ ಕೊನೆಯಿಂದ ಮರಳುವ ಒತ್ತಡದ ಅಲೆ ಹೊರಗೆ ಸೋರುವ ಹೊಸ ಇಂಧನವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಇದು ನಡೆಯುವುದು ಎಂಜಿನ್ನಿನ ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ. ತಿರುವಿನಲ್ಲಿ ವಿಮಾನ ನಿಧಾನಿಸಿ, ಪ್ರೊಪೆಲ್ಲರಿನ ಮೇಲೆ ಭಾರ ಬಿದ್ದು ಎಂಜಿನ್ ಆ ಪಟ್ಟಿಯಿಂದ ಕೆಳಗೆ ಜಾರಿದರೆ ಶಕ್ತಿ ಥಟ್ಟನೆ ಕುಸಿಯುತ್ತದೆ. ನಿಮಿಷಕ್ಕೆ 28,000 ಸುತ್ತು ತಿರುಗುವ, ಏಳೂವರೆ ಇಂಚು ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಇರುವ ಪ್ರೊಪೆಲ್ಲರಿನ ಲೆಕ್ಕದ ವೇಗ ಗಂಟೆಗೆ ಸುಮಾರು 320 ಕಿ.ಮೀ. ಪಿಚ್ ಇನ್ನೂ ಹೆಚ್ಚಿಸಿದರೆ ನೇರದಲ್ಲಿ ಲಾಭವಿದೆ, ತಿರುವಿನಿಂದ ಹೊರಬರುವಾಗ ನಷ್ಟ. ಗೆಲ್ಲುವ ಪ್ರೊಪೆಲ್ಲರ್ ಈ ಎರಡರ ನಡುವಿನ ರಾಜಿ.

ಇಂಧನದಲ್ಲಿ ನಮಗೆ ಪರಿಚಿತವಾದ ವಸ್ತುವೊಂದಿದೆ. ಎಫ್3ಡಿ ನಿಯಮದ ಇಂಧನ ಶೇ. 80 ಮೆಥನಾಲ್, ಶೇ. 20 ಎಣ್ಣೆ, ಆ ಎಣ್ಣೆ ಹರಳೆಣ್ಣೆಯಾಗಿರಬಹುದು. ಅದು ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯದಿದ್ದರೂ ಮೆಥನಾಲ್‌ನಲ್ಲಿ ಕರಗುತ್ತದೆ, ಬೇರೆ ಎಣ್ಣೆಗಳು ಸುಟ್ಟುಹೋಗುವ ಕಾವಿನಲ್ಲೂ ಲೋಹದ ಮೇಲೆ ಪದರವಾಗಿ ಉಳಿಯುತ್ತದೆ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನುಗಳೂ ಇದನ್ನೇ ಕುಡಿದವು. ಜಗತ್ತಿನಲ್ಲಿ ಅತಿ ಹೆಚ್ಚು ಹರಳೆಣ್ಣೆ ತೆಗೆಯುವ ದೇಶ ಭಾರತ. ನಮ್ಮ ಹೊಲದಂಚಿನ ಔಡಲ ಬೀಜಕ್ಕೆ ಈ ಕ್ರೀಡೆಯಲ್ಲಿ ಇರುವ ಪಾಲು ಕಡೆಗಣಿಸುವಂಥದ್ದಲ್ಲ.

ಅಗ್ಗದ ವಿಮಾನದ ಹಂಬಲ ಮತ್ತು ಮುಂದಿನದು

ಅಚ್ಚು, ವಿಶೇಷ ಎಂಜಿನ್, ಕೊಳವೆ ಎಂದು ಖರ್ಚು ಏರಿದಂತೆ ಹೊಸಬರು ಹಿಂಜರಿದರು. ಇದಕ್ಕೆ ಉತ್ತರವಾಗಿ 1970ರ ದಶಕದಲ್ಲಿ ಗ್ಲೆನ್ ಸ್ಪಿಕ್ಲರ್ ಅವರ ‘ಕ್ವಿಕಿ 500’ ಬಂತು. ಪೆಟ್ಟಿಗೆಯಂಥ ಮೈ, ಬುಡದಿಂದ ತುದಿಯವರೆಗೆ ಒಂದೇ ಅಗಲದ ರೆಕ್ಕೆ. 50 ಇಂಚು ಉದ್ದ, 10 ಇಂಚು ಅಗಲ ಎಂದರೆ ಹೆಸರಿನಲ್ಲಿರುವ 500 ಚದರ ಇಂಚು ಸಿಕ್ಕಿತು. ಮರಗೆಲಸ ಬಲ್ಲ ಯಾರೇ ಆಗಲಿ ಮನೆಯಲ್ಲಿ ಕಟ್ಟಬಹುದು. 1947ರ ಗುಡ್‌ಇಯರ್ ವರ್ಗದ ಆಶಯವೂ ಇದೇ ಆಗಿತ್ತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಉದಾರವಾದ ವಿನ್ಯಾಸ ಇದು. ಕಾಲ ಕಳೆದಂತೆ ಈ ವರ್ಗದೊಳಗೂ ವೇಗದ ಎಂಜಿನ್ನುಗಳು ನುಸುಳಿದವು, ವರ್ಗ ಕವಲೊಡೆಯಿತು.

ರೇಡಿಯೊದ ಎರಡನೇ ಜಿಗಿತ 2000ದ ದಶಕದ ಮಧ್ಯಭಾಗದ್ದು. ಅದುವರೆಗೆ ಒಟ್ಟಿಗೆ ಹಾರುವ ಪ್ರತಿಯೊಬ್ಬರಿಗೂ ಬೇರೆ ತರಂಗ ಬೇಕಿತ್ತು. ಅದೇ ತರಂಗದಲ್ಲಿ ಮೈದಾನದ ಆಚೆ ಯಾರಾದರೂ ಸ್ವಿಚ್ ಹಾಕಿದರೆ ಗಂಟೆಗೆ 300 ಕಿ.ಮೀ. ವೇಗದ ವಿಮಾನ ಯಾರ ಮಾತನ್ನೂ ಕೇಳದಂತಾಗುತ್ತಿತ್ತು. 2.4 ಗಿಗಾಹರ್ಟ್ಸ್ ರೇಡಿಯೊಗಳು ಆ ಭಯವನ್ನು ಬಹುಪಾಲು ಕಳೆದವು. ಕಾನೂನಿನ ಕಡೆ ನೋಡಿದರೆ, ಭಾರತದಲ್ಲಿ 2021ರ ಡ್ರೋನ್ ನಿಯಮಗಳು ಕಣ್ಣಳತೆಯೊಳಗೆ ಹಾರುವ, 25 ಕೆ.ಜಿ. ಮೀರದ ಶಿಕ್ಷಣ ಮತ್ತು ಹವ್ಯಾಸದ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿವೆ. ಬೆಂಗಳೂರಿನಂಥ ವಿಮಾನದ ಊರಿನಲ್ಲಿ ಈ ವ್ಯಾಖ್ಯಾನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೇರವಾಗಿ ಉಪಯುಕ್ತ.

ವಿದ್ಯುತ್ ಮೋಟಾರಿನ ರೇಸಿಂಗ್ ವರ್ಗ ಈಗ ನಿಯಮದ ಭಾಷೆಯನ್ನೇ ಬದಲಿಸಿದೆ. ಮೋಟಾರಿಗೆ ಸಿ.ಸಿ. ಇಲ್ಲದ ಕಾರಣ ಮಿತಿ ಹಾಕುವುದು ಬ್ಯಾಟರಿಯಿಂದ ಸೆಳೆಯುವ ಒಟ್ಟು ಶಕ್ತಿಗೆ. ಆ ಪಾಲು ತೀರಿದೊಡನೆ ವಿಮಾನದಲ್ಲಿರುವ ಸಾಧನ ಮೋಟಾರನ್ನು ನಿಲ್ಲಿಸುತ್ತದೆ. ಪ್ರತಿ ಕಂಬದಲ್ಲೂ ಬಿಗಿಯಾಗಿ ಎಳೆದು ವೇಗ ಕಳೆದುಕೊಂಡವನು ಅದನ್ನು ಮರಳಿ ಪಡೆಯಲು ಈ ಪಾಲಿನಿಂದಲೇ ಖರ್ಚು ಮಾಡಬೇಕು. ಹೀಗಾಗಿ ಕಂಬಕ್ಕೆ ಎಷ್ಟು ಹತ್ತಿರ ತಿರುಗಬೇಕು, ಎಷ್ಟು ಅಗಲವಾಗಿ ಸುತ್ತಿದರೆ ಶಕ್ತಿ ಉಳಿಯುತ್ತದೆ ಎಂಬ ಲೆಕ್ಕ ವಿನ್ಯಾಸಕಾರನ ಮೇಜಿನಿಂದ ಹಾರಿಸುವವನ ಹೆಬ್ಬೆರಳಿಗೂ ದಾಟಿದೆ.