ಗಣಕಯಂತ್ರದ ಮಾನಿಟರ್‌ಗಳ ಆಯ್ಕೆ

ಮಾನಿಟರ್ ಎಂಬುದು ಗಣಕಯಂತ್ರವು ಸಂಸ್ಕರಿಸಿದ ಮಾಹಿತಿಯನ್ನು ಅಕ್ಷರ ಮತ್ತು ಚಿತ್ರಗಳ ರೂಪದಲ್ಲಿ ಪರದೆಯ ಮೇಲೆ ತೋರಿಸುವ ಸಾಧನ. ಆಟ, ಕಚೇರಿ ಕೆಲಸ ಹಾಗೂ ಚಲನಚಿತ್ರ ವೀಕ್ಷಣೆ ಎಂಬ ಮೂರು ಬಳಕೆಗಳು ಪರದೆಯಿಂದ ಬೇರೆ ಬೇರೆ ಗುಣಗಳನ್ನು ಅಪೇಕ್ಷಿಸುತ್ತವೆ. ಆಟಕ್ಕೆ ವೇಗ, ಓದುಬರಹಕ್ಕೆ ಅಕ್ಷರಗಳ ಸ್ಪಷ್ಟತೆ, ಚಲನಚಿತ್ರಕ್ಕೆ ಕಪ್ಪುಬಣ್ಣದ ಗಾಢತೆ ಮುಖ್ಯ. ಈ ಎಲ್ಲ ಗುಣಗಳೂ ಸೇರಿದ ಪರದೆ ದುಬಾರಿಯಾದುದರಿಂದ, ತನ್ನ ಬಳಕೆಗೆ ಯಾವ ಗುಣ ಅನಿವಾರ್ಯ, ಯಾವುದನ್ನು ಬಿಡಬಹುದು ಎಂಬ ವಿವೇಚನೆಯೇ ಆಯ್ಕೆಯ ತಿರುಳು.

ಹಿನ್ನೆಲೆ

1897ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ 20ನೆಯ ಶತಮಾನದ ದೂರದರ್ಶನ ಹಾಗೂ ಗಣಕ ಪರದೆಗಳಿಗೆ ಆಧಾರವಾಗಿತ್ತು. 21ನೆಯ ಶತಮಾನದ ಮೊದಲ ದಶಕದಲ್ಲಿ ತೆಳುವಾದ, ಕಡಿಮೆ ವಿದ್ಯುತ್ ಬಳಸುವ ದ್ರವಸ್ಫಟಿಕ (ಎಲ್‌ಸಿಡಿ) ಪರದೆಗಳು ಅದರ ಸ್ಥಾನವನ್ನು ಪಡೆದವು.

ಫಲಕದ ವಿಧಗಳು

* ಟಿಎನ್: ವೇಗವಾಗಿ ಪ್ರತಿಕ್ರಿಯಿಸುವ, ಅಗ್ಗದ ಫಲಕ. ಓರೆಯಿಂದ ನೋಡಿದಾಗ ಬಣ್ಣಗಳು ಮಾಸಿದಂತೆ ತೋರುತ್ತವೆ.
* ಐಪಿಎಸ್: ಯಾವ ಕೋನದಿಂದ ನೋಡಿದರೂ ಬಣ್ಣಗಳು ಹೆಚ್ಚು ಬದಲಾಗುವುದಿಲ್ಲ. ಇದರ ಕಾಂಟ್ರಾಸ್ಟ್ ಅನುಪಾತ ಸಾಮಾನ್ಯವಾಗಿ 1000:1ರ ಆಸುಪಾಸಿನಲ್ಲಿದ್ದು, ಕತ್ತಲೆ ಕೋಣೆಯಲ್ಲಿ ಕಪ್ಪು ತುಸು ಬೂದುಬಣ್ಣವಾಗಿ ಕಾಣುತ್ತದೆ.
* ವಿಎ: ಅನುಪಾತ 3000:1ರಷ್ಟಿರುವುದರಿಂದ ಕಪ್ಪು ಗಾಢವಾಗಿರುತ್ತದೆ. ಆದರೆ ವೇಗದ ಚಲನೆಯಲ್ಲಿ ಕಪ್ಪು ಭಾಗಗಳು ಮಸುಕಾದ ಜಾಡು ಬಿಡುವುದುಂಟು.
* ಓಎಲ್‌ಇಡಿ: ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಗುವುದರಿಂದ ಅದನ್ನು ಪೂರ್ಣವಾಗಿ ಆರಿಸಲು ಸಾಧ್ಯ, ಹೀಗಾಗಿ ಕಪ್ಪು ನಿಜವಾದ ಕಪ್ಪಾಗಿರುತ್ತದೆ. ಬೆಲೆ ಹೆಚ್ಚು. ಒಂದೇ ಚಿತ್ರ ದೀರ್ಘಕಾಲ ನಿಂತರೆ ಅದರ ಗುರುತು ಪರದೆಯಲ್ಲಿ ಶಾಶ್ವತವಾಗಿ ಉಳಿಯುವ ಅಪಾಯವಿದೆ.

ಗಾತ್ರ ಮತ್ತು ಪಿಕ್ಸೆಲ್ ಸಾಂದ್ರತೆ

ಪರದೆಯ ಗಾತ್ರವನ್ನು ಮೂಲೆಯಿಂದ ಮೂಲೆಗೆ ಅಂಗುಲಗಳಲ್ಲಿ ಅಳೆಯಲಾಗುತ್ತದೆ. ಗಾತ್ರ ದೊಡ್ಡದಾದ ಮಾತ್ರಕ್ಕೆ ಸ್ಪಷ್ಟತೆ ಹೆಚ್ಚುವುದಿಲ್ಲ. 1920×1080 ಪಿಕ್ಸೆಲ್‌ಗಳ 24 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಪಿಕ್ಸೆಲ್‌ಗಳಿರುತ್ತವೆ. ಅಷ್ಟೇ ಪಿಕ್ಸೆಲ್‌ಗಳನ್ನು 27 ಅಂಗುಲಕ್ಕೆ ಹರಡಿದರೆ ಸಾಂದ್ರತೆ 82ಕ್ಕೆ ಇಳಿಯುತ್ತದೆ. 27 ಅಂಗುಲದಲ್ಲಿ 2560×1440 ಇದ್ದರೆ 109, 3840×2160 (4ಕೆ) ಇದ್ದರೆ 163 ಆಗುತ್ತದೆ.

ಕನ್ನಡ ಓದುಬರಹದಲ್ಲಿ ಈ ಅಂತರ ಎದ್ದು ಕಾಣುತ್ತದೆ. ಕನ್ನಡದ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಬರುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಎರಡು ಒತ್ತುಗಳು ಕೂಡುತ್ತವೆ. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಗೆರೆ ಮಾತ್ರ. ಸಾಂದ್ರತೆ ಕಡಿಮೆಯಾದ ಪರದೆಯಲ್ಲಿ, ಅಕ್ಷರದ ಗಾತ್ರ ಚಿಕ್ಕದಾದಾಗ, ಇಂತಹ ವಿವರಗಳು ಕಲೆಸಿಹೋಗಿ ಕರಡು ತಿದ್ದುವವರಿಗೂ ವಿದ್ಯಾರ್ಥಿಗಳಿಗೂ ತೊಡಕಾಗುತ್ತದೆ.

ರಿಫ್ರೆಶ್ ದರ

ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎಂಬುದೇ ರಿಫ್ರೆಶ್ ದರ; ಇದರ ಮಾನ ಹರ್ಟ್ಸ್. 60 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರ 16.7 ಮಿಲಿಸೆಕೆಂಡು, 144ರಲ್ಲಿ 6.9, 240ರಲ್ಲಿ 4.2 ಮಿಲಿಸೆಕೆಂಡು ನಿಲ್ಲುತ್ತದೆ. 60ರಿಂದ 144ಕ್ಕೆ ಏರಿದಾಗ ಉಳಿಯುವ ಸಮಯ ಸುಮಾರು 10 ಮಿಲಿಸೆಕೆಂಡು. 144ರಿಂದ 240ಕ್ಕೆ ಏರಿದಾಗ 3 ಮಿಲಿಸೆಕೆಂಡಿಗೂ ಕಡಿಮೆ. ಆದುದರಿಂದ ಮೊದಲ ಏರಿಕೆಯ ಪ್ರಯೋಜನವೇ ಹೆಚ್ಚು.

ಬಳಕೆಗೆ ತಕ್ಕ ಆಯ್ಕೆ

ಆಟ: ವೇಗದ ಸ್ಪರ್ಧಾತ್ಮಕ ಆಟಗಳಿಗೆ 144 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ದರ ಸೂಕ್ತ. ಎನ್‌ವಿಡಿಯಾದ ಜಿ-ಸಿಂಕ್ ಮತ್ತು ಎಎಮ್‌ಡಿಯ ಫ್ರೀಸಿಂಕ್ ತಂತ್ರಗಳು ಪರದೆಯ ವೇಗವನ್ನು ಗಣಕದ ವೇಗಕ್ಕೆ ಹೊಂದಿಸಿ, ಚಿತ್ರ ಅಡ್ಡಲಾಗಿ ತುಂಡಾಗುವುದನ್ನು ತಪ್ಪಿಸುತ್ತವೆ.

ಕೆಲಸ: ಓದುಬರಹ ಮತ್ತು ಲೆಕ್ಕಪತ್ರಗಳಿಗೆ 60 ಹರ್ಟ್ಸ್ ಸಾಕಾಗುತ್ತದೆ. ಉಳಿದ ಹಣವನ್ನು ಹೆಚ್ಚಿನ ಸಾಂದ್ರತೆಯ ಐಪಿಎಸ್ ಫಲಕಕ್ಕೂ ಎತ್ತರ ಹೊಂದಿಸಬಹುದಾದ ಪೀಠಕ್ಕೂ ವಿನಿಯೋಗಿಸುವುದು ಲೇಸು. ಮುದ್ರಣ ಮತ್ತು ಛಾಯಾಚಿತ್ರ ಸಂಸ್ಕರಣೆಯಲ್ಲಿ ಬಣ್ಣಗಳ ನಿಖರತೆಯನ್ನೂ ಗಮನಿಸಬೇಕು.

ಚಲನಚಿತ್ರ: ಚಲನಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಣಗೊಳ್ಳುವುದರಿಂದ ಅತಿ ವೇಗ ಬೇಕಿಲ್ಲ. ಮಂದ ಬೆಳಕಿನ ಕೋಣೆಯಲ್ಲಿ ವಿಎ ಅಥವಾ ಓಎಲ್‌ಇಡಿ ಫಲಕ ಹಿತಕರ. 2.39:1 ಅನುಪಾತದ ಚಿತ್ರಗಳನ್ನು 16:9ರ ಪರದೆಯಲ್ಲಿ ನೋಡಿದಾಗ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಬರುವುದು ಪರದೆಯ ದೋಷವಲ್ಲ.

ಗಣಕದ ಸಾಮರ್ಥ್ಯ ಮತ್ತು ಸಂಪರ್ಕ

ಪರದೆಯ ಗುಣ ಗಣಕದ ಸಾಮರ್ಥ್ಯವನ್ನು ಅವಲಂಬಿಸಿದೆ. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ ಅದರ ನಾಲ್ಕು ಪಟ್ಟು, ಎಂದರೆ ಸುಮಾರು 82.9 ಲಕ್ಷ ಪಿಕ್ಸೆಲ್‌ಗಳಿವೆ. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಆಟದ ಸಮಯದಲ್ಲಿ ಇಷ್ಟನ್ನು ವೇಗವಾಗಿ ರಚಿಸಲಾರದು; ಆಗ ಪರದೆಗೆ ತೆತ್ತ ಹಣ ವ್ಯರ್ಥ. ಸಂಪರ್ಕ ಕಿಂಡಿಯೂ ಮಿತಿಯೊಡ್ಡುತ್ತದೆ: 4ಕೆ ಚಿತ್ರವನ್ನು ಎಚ್‌ಡಿಎಮ್‌ಐ 1.4 ಕೇವಲ 30 ಹರ್ಟ್ಸ್‌ನಲ್ಲಿ, 2.0 ಆವೃತ್ತಿ 60ರಲ್ಲಿ, 2.1 ಆವೃತ್ತಿ 120ರಲ್ಲಿ ಸಾಗಿಸಬಲ್ಲವು.

ಕಣ್ಣು ಮತ್ತು ಭಂಗಿ

ಪರದೆಯು ಕಣ್ಣಿನಿಂದ ಸುಮಾರು ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರುವುದು ಸೂಕ್ತ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಸಲಹೆ ನೀಡುತ್ತಾರೆ. ಎಷ್ಟೇ ಉತ್ತಮ ಪರದೆಯಾದರೂ ಕಣ್ಣಿಗೆ ಈ ವಿರಾಮ ಅಗತ್ಯ.